ಟೆರೇಸಿಗೊಂದು ಕನ್ನಡಿ ದೂರದರ್ಶಕ

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ಮನೆಗಳಲ್ಲಿ ಮಕ್ಕಳಿಗೆ ದೂರದರ್ಶಕ ಕೊಡಿಸುವಾಗ ಎಲ್ಲರೂ ಮೊದಲು ಕೇಳುವುದು ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂದು. ಅದನ್ನು ಬಿಡಿ, ಬೆಳಕು ಹಿಡಿಯುವ ಬಾಯಿ ಎಷ್ಟು ಅಗಲ ಎಂದು ಕೇಳಿ. ನನ್ನ ಆಯ್ಕೆ 6 ಇಂಚಿನ (150 ಮಿ.ಮೀ.) ನ್ಯೂಟನ್ ಮಾದರಿ, ಡಾಬ್ಸೋನಿಯನ್ ಪೀಠದ್ದು.

ಕೊಳವೆಯ ತಳದ ನಿಮ್ನ ದರ್ಪಣ ಬೆಳಕನ್ನು ಒಟ್ಟುಗೂಡಿಸಿ ಮೇಲಕ್ಕೆ ಕಳಿಸುತ್ತದೆ. ಬಾಯಿಯ ಬಳಿ 45 ಡಿಗ್ರಿ ಓರೆಯಾಗಿ ಕೂತ ಪುಟ್ಟ ಚಪ್ಪಟೆ ಕನ್ನಡಿ ಅದನ್ನು ಪಕ್ಕದ ಐಪೀಸಿಗೆ ತಿರುಗಿಸುತ್ತದೆ. 1668ರಲ್ಲಿ ನ್ಯೂಟನ್ ಮಾಡಿದ್ದೂ ಇದನ್ನೇ. ಅಗ್ಗದ ಮಸೂರಗಳಲ್ಲಿ ಗುರು, ಶುಕ್ರರ ಸುತ್ತ ನೇರಳೆ ಅಂಚು ಕಾಣುತ್ತದೆ. ಕನ್ನಡಿಗೆ ಬಣ್ಣ ಒಡೆಯುವ ಆ ದೋಷವಿಲ್ಲ. ಒಂದೇ ಮುಖ ಉಜ್ಜಿದರೆ ಸಾಕು, ಹಿಂದಿನಿಂದ ಆಧಾರವನ್ನೂ ಕೊಡಬಹುದು. ಹಾಗಾಗಿಯೇ ದೊಡ್ಡ ಅಳತೆ ಕಡಿಮೆ ಬೆಲೆಗೆ ಸಿಗುತ್ತದೆ. ನಮ್ಮ ಹೊಸಕೋಟೆಯಿಂದ ನಡೆಸುವ, ಲಡಾಖಿನ ಹಾನ್ಲೆಯ 2 ಮೀಟರ್ ದೂರದರ್ಶಕವೂ ಕನ್ನಡಿಯದೇ.

ನೋಡುವ ಮೊದಲು ದೂರದರ್ಶಕವನ್ನು ಅರ್ಧ-ಮುಕ್ಕಾಲು ಗಂಟೆ ಹೊರಗಿಡಿ. ಕನ್ನಡಿ ತಣಿಯದಿದ್ದರೆ ಬಿಂಬ ನಡುಗುತ್ತದೆ. ಹಗಲೆಲ್ಲ ಕಾದ ಟೆರೇಸ್ ರಾತ್ರಿ ಬಿಸಿ ಕಾರುವುದರಿಂದ ತಡರಾತ್ರಿಯೇ ಮೇಲು.

ಮುಂದಿನದು ಕನ್ನಡಿಗಳ ಹೊಂದಾಣಿಕೆ, ಅಂದರೆ ಕಾಲಿಮೇಷನ್. ಕನ್ನಡಿ ದೂರದರ್ಶಕದ ದೊಡ್ಡ ತೊಡಕೇ ಇದು. ಆಟೋದಲ್ಲಿ ಒಯ್ದರೂ ಕೆಡುತ್ತದೆ. ಐಪೀಸ್ ತೆಗೆದು, ನಡುವೆ ತೂತಿರುವ ಮುಚ್ಚಳ ಹಾಕಿ ಕಣ್ಣಿಡಿ. ಪುಟ್ಟ ಕನ್ನಡಿಯ ತಿರುಪುಗಳನ್ನು ತಿರುಗಿಸಿ, ಅದರಲ್ಲಿ ದೊಡ್ಡ ಕನ್ನಡಿ ಪೂರ್ತಿ ಕಾಣುವಂತೆ ಮಾಡಿ. ಬಳಿಕ ತಳದ ತಿರುಪುಗಳಿಂದ, ದೊಡ್ಡ ಕನ್ನಡಿಯ ನಡುವಿನ ಗುರುತನ್ನು ತೂತಿನ ಪ್ರತಿಬಿಂಬಕ್ಕೆ ಕೂಡಿಸಿ. ಪರೀಕ್ಷೆಗೆ ಧ್ರುವ ನಕ್ಷತ್ರವೇ ಒಳ್ಳೆಯದು, ಬೇಗ ಜಾರಿಹೋಗುವುದಿಲ್ಲ. ಕಲ್ಯಾಣದಲ್ಲಿ ಅದು ದಿಗಂತದಿಂದ ಸುಮಾರು 19 ಡಿಗ್ರಿಯಷ್ಟೇ ಮೇಲಿರುವುದರಿಂದ ಉತ್ತರದ ಕಡೆ ಕಟ್ಟಡ ಅಡ್ಡ ಇರಬಾರದು. ಫೋಕಸ್ ತುಸು ಕೆಡಿಸಿದಾಗ ಉಂಗುರಗಳು ಒಂದೇ ಕೇಂದ್ರದ ಸುತ್ತ ಕೂತರೆ ಹೊಂದಾಣಿಕೆ ಸರಿಯಿದೆ.

ಸಂಗಮ ದೂರ 1200 ಮಿ.ಮೀ. ಇದ್ದರೆ 25 ಮಿ.ಮೀ. ಐಪೀಸಿನಲ್ಲಿ 48 ಪಟ್ಟು, 10ರಲ್ಲಿ 120 ಪಟ್ಟು. ಯಾವಾಗಲೂ ಕಡಿಮೆಯಿಂದ ಶುರು ಮಾಡಿ. ಬಿಂಬ ತಲೆಕೆಳಗಾಗಿರುತ್ತದೆ, ಆಕಾಶಕ್ಕೆ ಅದರಿಂದ ತೊಂದರೆಯಿಲ್ಲ. ಊರಿನ ಬೆಳಕಿನ ನಡುವೆಯೂ ಚಂದ್ರನ ಕುಳಿಗಳು, ಗುರುವಿನ ಪಟ್ಟೆಗಳು, ಶನಿಯ ಬಳೆ ಚೆನ್ನಾಗಿ ಕಾಣುತ್ತವೆ. ನೀಹಾರಿಕೆಗಳಿಗೆ ಕರ್ಜತ್ ಲೋಕಲ್ ಹಿಡಿದು ಬದ್ಲಾಪುರ ದಾಟಿ ವಾಂಗಣಿಗೆ ಹೋಗಿ. ಮುಂಬಯಿಯ ಹವ್ಯಾಸಿಗಳು ಅಲ್ಲಿ ರಾತ್ರಿಯಿಡೀ ನಕ್ಷತ್ರ ನೋಡುತ್ತಾರೆ. ಸೂರ್ಯನ ಕಡೆಗೆ ಮಾತ್ರ, ಬಾಯಿಗೆ ಪೂರ್ತಿ ಮುಚ್ಚುವ ಸೌರ ಫಿಲ್ಟರ್ ಇಲ್ಲದೆ, ಎಂದೂ ತಿರುಗಿಸಬೇಡಿ.

ಖಾಡಿಯ ತೇವ ಅಲ್ಯೂಮಿನಿಯಂ ಲೇಪಕ್ಕೆ ಶತ್ರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡೂ ತುದಿ ಮುಚ್ಚಿ, ಒಳಗೆ ಸಿಲಿಕಾ ಜೆಲ್ ಇಡಿ. ಧೂಳು ಕಂಡ ಕೂಡಲೇ ಒರೆಸಬೇಡಿ. ಅದು ಕೆಡಿಸುವುದಕ್ಕಿಂತ ಬಟ್ಟೆ ಗೀರುವುದೇ ಹೆಚ್ಚು. ಇಷ್ಟು ಆರೈಕೆಗೆ ಬಿಡುವಿಲ್ಲದವರು 80 ಮಿ.ಮೀ. ಮಸೂರದ ದೂರದರ್ಶಕ ಕೊಳ್ಳುವುದೇ ಲೇಸು.