ಊರು ನೆಚ್ಚಿಕೊಳ್ಳುವ ಕ್ಲಬ್: ಸೇವಾ ಸಂಸ್ಥೆಗಳಿಗೆ ಹನ್ನೊಂದು ಸೂತ್ರಗಳು

ನಮ್ಮ ಬಹುತೇಕ ತಾಲ್ಲೂಕು ಕೇಂದ್ರಗಳಲ್ಲಿ ಒಂದು ರೋಟರಿ, ಒಂದು ಲಯನ್ಸ್, ಒಂದು ಜೇಸಿ ಇದ್ದೇ ಇರುತ್ತದೆ. ಜೊತೆಗೆ ಇನ್ನರ್‌ವೀಲ್, ಯುವಕ ಮಂಡಲ, ಮಹಿಳಾ ಮಂಡಳಿ. ರೋಟರಿ, ಲಯನ್ಸ್‌ಗಳಿಗೆ ಜುಲೈ 1ರಿಂದ ಹೊಸ ವರ್ಷ. ಆಗ ಪದಗ್ರಹಣ ಸಮಾರಂಭ, ಹೊಸ ಅಧ್ಯಕ್ಷರು, ಹೊಸ ಕಾರ್ಯದರ್ಶಿ, ಹೊಸ ಹುರುಪು. ಆ ಹುರುಪು ಊರಿಗೆ ದಕ್ಕಬೇಕು. ಕ್ಲಬ್ ಗೆದ್ದಿದೆಯೋ ಇಲ್ಲವೋ ಎಂದು ಅಳೆಯಲು ಒಂದೇ ಪ್ರಶ್ನೆ ಸಾಕು: ತೊಂದರೆ ಬಂದಾಗ ಊರಿನವರು "ಕ್ಲಬ್ಬಿನವರಿಗೆ ಒಂದು ಫೋನ್ ಮಾಡಿ ನೋಡೋಣ" ಅನ್ನುತ್ತಾರೆಯೇ? ಅನ್ನುವಂತೆ ಮಾಡಲು ಈ ಹನ್ನೊಂದು ಸೂತ್ರಗಳು.

1. ಕೊಡುವ ಮೊದಲು ಕೇಳಿ

ಜೂನ್ ತಿಂಗಳಲ್ಲಿ ಒಂದೇ ಶಾಲೆಗೆ ಮೂರು ಕಡೆಯಿಂದ ನೋಟ್‌ಬುಕ್ ಬರುತ್ತದೆ. ಅದೇ ಶಾಲೆಯ ಹೆಣ್ಣುಮಕ್ಕಳ ಶೌಚಾಲಯದ ನಲ್ಲಿಯಲ್ಲಿ ನೀರು ಬರುವುದಿಲ್ಲ. ಮುಖ್ಯ ಶಿಕ್ಷಕರನ್ನೂ ಎಸ್‌ಡಿಎಂಸಿ ಸದಸ್ಯರನ್ನೂ ಕೂರಿಸಿಕೊಂಡು ಅರ್ಧ ಗಂಟೆ ಮಾತಾಡಿದ್ದರೆ ಇದು ಮೊದಲೇ ತಿಳಿಯುತ್ತಿತ್ತು. ಯೋಜನೆ ಹಾಕುವ ಮುನ್ನ ಆಶಾ ಕಾರ್ಯಕರ್ತೆ, ತಾಲ್ಲೂಕು ಆಸ್ಪತ್ರೆಯ ವೈದ್ಯಾಧಿಕಾರಿ, ಪೌರಕಾರ್ಮಿಕರು, ಅಂಗನವಾಡಿ ಟೀಚರ್, ಸಂತೆಯಲ್ಲಿ ಸೊಪ್ಪು ಮಾರುವ ಹೆಂಗಸರು, ಇವರನ್ನು ಕೇಳಿ. ಊರಿನ ಕೊರತೆ ಇವರಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರುವುದಿಲ್ಲ. 1905ರಲ್ಲಿ ಶಿಕಾಗೋದಲ್ಲಿ ಹುಟ್ಟಿದ ಮೊದಲ ರೋಟರಿ ಕ್ಲಬ್ ಊರಿಗಾಗಿ ಮೊದಮೊದಲು ಕೈಹಾಕಿದ್ದು ಸಾರ್ವಜನಿಕ ಶೌಚಾಲಯದ ಕೆಲಸಕ್ಕೆ. ನಗರಕ್ಕೆ ಅಂದು ಬೇಕಾಗಿದ್ದು ಅದೇ.

2. ಒಂದು ಕೆಲಸವನ್ನು ನಿಮ್ಮದಾಗಿಸಿಕೊಳ್ಳಿ

ವರ್ಷಕ್ಕೆ ನಲವತ್ತು ಸಣ್ಣ ಕಾರ್ಯಕ್ರಮ ಮಾಡಿದರೆ ವರದಿ ದಪ್ಪವಾಗುತ್ತದೆ, ಊರಿಗೆ ಒಂದೂ ನೆನಪಿರುವುದಿಲ್ಲ. 1925ರಲ್ಲಿ ಹೆಲೆನ್ ಕೆಲರ್ ಲಯನ್ಸ್ ಸಮಾವೇಶಕ್ಕೆ ಬಂದು, ಅಂಧತ್ವದ ವಿರುದ್ಧ ನಿಲ್ಲಿ ಎಂದು ಕೇಳಿಕೊಂಡರು. ಲಯನ್ಸ್ ಅಂದರೆ ಕಣ್ಣು ಎಂಬ ಹೆಸರು ಇಂದಿಗೂ ಉಳಿದಿದೆ. ರೋಟರಿ 1979ರಲ್ಲಿ ಫಿಲಿಪೀನ್ಸ್‌ನ ಮಕ್ಕಳಿಗೆ ಪೋಲಿಯೊ ಹನಿ ಹಾಕಿಸಲು ಹೊರಟಿತು, 1985ರಲ್ಲಿ ಅದನ್ನು ಜಗತ್ತಿನ ಅಭಿಯಾನವಾಗಿಸಿತು. ಭಾರತದ ಕೊನೆಯ ಪೋಲಿಯೊ ಪ್ರಕರಣ ಪಶ್ಚಿಮ ಬಂಗಾಳದ ಹೌರಾದಲ್ಲಿ ಕಂಡದ್ದು 2011ರ ಜನವರಿಯಲ್ಲಿ. ದೇಶಕ್ಕೆ ಪೋಲಿಯೊಮುಕ್ತ ಎಂಬ ಪ್ರಮಾಣಪತ್ರ ಸಿಕ್ಕಿದ್ದು 2014ರ ಮಾರ್ಚ್ 27ರಂದು. ಅಷ್ಟು ವರ್ಷ ಅದೇ ಕೆಲಸ, ಅದೇ ಹಟ. ನಿಮ್ಮ ಊರಿನ ಅಳತೆಗೆ ತಕ್ಕ ಒಂದು ಗುರಿ ಆರಿಸಿಕೊಳ್ಳಿ: ಕಣ್ಣು, ರಕ್ತ, ಡಯಾಲಿಸಿಸ್, ಒಂದು ಕೆರೆ, ಒಂದು ಸರ್ಕಾರಿ ಪ್ರೌಢಶಾಲೆ.

3. ಅಧ್ಯಕ್ಷರು ಬದಲಾಗಲಿ, ಕೆಲಸ ಬದಲಾಗದಿರಲಿ

ಜೂನ್ 30ಕ್ಕೆ ಅವಧಿ ಮುಗಿಯುತ್ತದೆ. ಹೊಸಬರು ತಮ್ಮದೇ ಹೊಸ ಯೋಜನೆ ತರುತ್ತಾರೆ, ಹಳೆಯದು ಅರ್ಧಕ್ಕೆ ನಿಲ್ಲುತ್ತದೆ. ಕ್ಲಬ್ಬುಗಳು ಸೊರಗುವುದು ಹೆಚ್ಚಾಗಿ ಇಲ್ಲೇ. ಏಪ್ರಿಲ್‌ನಲ್ಲೇ ನಿಕಟಪೂರ್ವ, ಹಾಲಿ ಮತ್ತು ಮುಂದಿನ ಅಧ್ಯಕ್ಷರು ಒಟ್ಟಿಗೆ ಕೂತು ಮೂರು ವರ್ಷದ ಯೋಜನೆ ಬರೆಯಬೇಕು. ಮುಖ್ಯ ಯೋಜನೆಯ ಸಮಿತಿಗೆ ಮೂರು ವರ್ಷದ ಅವಧಿ ಕೊಡಿ, ವರ್ಷಕ್ಕೊಬ್ಬರು ಹೊರಗೆ, ಒಬ್ಬರು ಒಳಗೆ. ಆಸ್ಪತ್ರೆಯವರ ಫೋನ್ ನಂಬರ್, ಫಲಾನುಭವಿಗಳ ಪಟ್ಟಿ, ಒಪ್ಪಂದದ ಪ್ರತಿ, ಬಾಕಿ ಬಿಲ್ಲು ಎಲ್ಲ ಒಂದೇ ಕಡತದಲ್ಲಿರಲಿ. ಪದಗ್ರಹಣದ ದಿನ ಕಾಲರ್ ಜೊತೆಗೆ ಆ ಕಡತವೂ ಕೈಬದಲಾಗಲಿ. ಹಳೆಯ ಯೋಜನೆಯನ್ನು ಮುಂದುವರಿಸಿದ ಅಧ್ಯಕ್ಷರನ್ನು ವೇದಿಕೆಯಲ್ಲಿ ಹೆಸರು ಹೇಳಿ ಅಭಿನಂದಿಸಿ. ಮುಂದಿನವರಿಗೂ ಅದೇ ದಾರಿ ಎಂದು ತಿಳಿಯುತ್ತದೆ.

4. ಶಿಬಿರದ ಮರುದಿನದಿಂದ ಹೆಚ್ಚು ದುಡಿಯಿರಿ

ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿ ಊರೂರು ತಿರುಗಿ, ಉಚಿತ ಶಿಬಿರಗಳಲ್ಲಿ ಲಕ್ಷಾಂತರ ಕಣ್ಣುಗಳಿಗೆ ಬೆಳಕು ಕೊಟ್ಟವರು. ನೇತ್ರ ಶಿಬಿರ ಅಂದರೆ ಕನ್ನಡನಾಡಿನ ಹಳ್ಳಿಗಳಿಗೆ ಇರುವ ನಂಬಿಕೆಯ ಹಿಂದೆ ಅಂಥವರ ದುಡಿಮೆಯಿದೆ. ಆ ನಂಬಿಕೆ ಉಳಿಸುವುದು ನಿಮ್ಮ ಹೊಣೆ.

ಇಂದು ಶಿಬಿರದಲ್ಲಿ ತಪಾಸಣೆ, ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ. ಹಾಗಾಗಿ ನೋಂದಣಿ ಟೇಬಲ್ಲಿನಲ್ಲೇ ಅರ್ಧ ಯಶಸ್ಸು ನಿರ್ಧಾರವಾಗುತ್ತದೆ. ಪುಸ್ತಕದಲ್ಲಿ ಹೆಸರು, ವಯಸ್ಸು, ಊರು, ಯಾವ ಕಣ್ಣು, ಸಕ್ಕರೆ ಎಷ್ಟು, ಬಿಪಿ ಎಷ್ಟು ಎಂಬ ಕಲಂಗಳಿರಲಿ. ಅಜ್ಜಿಯ ಬಳಿ ಮೊಬೈಲ್ ಇರುವುದಿಲ್ಲ, ಮಗನದೋ ಪಕ್ಕದ ಮನೆಯವರದೋ ನಂಬರ್ ಬರೆದುಕೊಳ್ಳಿ. ಸಕ್ಕರೆ ಜಾಸ್ತಿ ಇದೆ, ಈಗ ಆಪರೇಷನ್ ಆಗುವುದಿಲ್ಲ ಎಂದು ವಾಪಸ್ ಕಳಿಸಿದವರ ಪಟ್ಟಿ ಬೇರೆಯೇ ಇರಲಿ. ಅವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಿ, ಸಕ್ಕರೆ ಹತೋಟಿಗೆ ಬಂದ ಮೇಲೆ ಮುಂದಿನ ಬಸ್ಸಿನಲ್ಲಿ ಕರೆದೊಯ್ಯಿರಿ. ಆಪರೇಷನ್ ಆದವರಿಗೆ ಹನಿ ಔಷಧ ಹೇಗೆ ಹಾಕಬೇಕೆಂದು ಮನೆಯವರಿಗೆ ತೋರಿಸಿಕೊಡಿ. ಕಣ್ಣು ಕೆಂಪಾದರೆ, ನೋವು ಬಂದರೆ ತಡಮಾಡದೆ ಯಾರಿಗೆ ಫೋನ್ ಮಾಡಬೇಕೆಂದು ದಪ್ಪ ಅಕ್ಷರದಲ್ಲಿ ಬರೆದು ಕೊಡಿ. ಮರುತಪಾಸಣೆಯ ದಿನಕ್ಕೂ ಬಸ್ಸು ನಿಮ್ಮದೇ ಆಗಿರಲಿ.

5. ರಕ್ತದಾನದ ದಿನಾಂಕವನ್ನು ರಕ್ತನಿಧಿ ಹೇಳಲಿ

ಅಕ್ಟೋಬರ್ 1ರ ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನಕ್ಕೋ ಗಣ್ಯರ ಹುಟ್ಟುಹಬ್ಬಕ್ಕೋ ಎಲ್ಲರೂ ಒಟ್ಟಿಗೆ ಶಿಬಿರ ಮಾಡಿದರೆ ರಕ್ತ ಒಮ್ಮೆಲೇ ತುಂಬಿ, ಮತ್ತೆ ಖಾಲಿಯಾಗುತ್ತದೆ. ಕೆಂಪು ರಕ್ತಕಣಗಳನ್ನು 35ರಿಂದ 42 ದಿನ ಇಡಬಹುದು, ಪ್ಲೇಟ್‌ಲೆಟ್‌ಗಳಿಗೆ ಆಯುಷ್ಯ ಐದೇ ದಿನ. ಕಾಲೇಜುಗಳಿಗೆ ರಜೆ ಬೀಳುವ ಏಪ್ರಿಲ್-ಮೇ ತಿಂಗಳಲ್ಲಿ ಕೊರತೆ ಕಾಡುತ್ತದೆ. ರಕ್ತನಿಧಿಯನ್ನು ಕೇಳಿ ವರ್ಷಕ್ಕೆ ನಾಲ್ಕು ಸಣ್ಣ ಶಿಬಿರಗಳನ್ನು ಹಂಚಿ ಹಾಕಿ. ದಾನಿಗೆ ವಯಸ್ಸು 18ರಿಂದ 65, ತೂಕ ಕನಿಷ್ಠ 45 ಕಿಲೋ, ಹಿಮೋಗ್ಲೋಬಿನ್ 12.5 ಗ್ರಾಂ ಇರಬೇಕು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ರಕ್ತ ಕಡಿಮೆ ಇದೆಯೆಂದು ಹಿಂದಿರುಗಿದ ಹುಡುಗಿಯರಿಗೆ ಅಂದೇ ವೈದ್ಯರ ಸಲಹೆ ಸಿಗಲಿ. ಅಪರೂಪದ ಗುಂಪಿನವರ ಪಟ್ಟಿ ಇಟ್ಟುಕೊಂಡು, ಕರೆದಾಗ ಬರುವವರನ್ನು ಪ್ರೀತಿಯಿಂದ ಉಳಿಸಿಕೊಳ್ಳಿ.

6. ನೀರಿನ ಲೆಕ್ಕ ನೋಡಿ ಗಿಡ ನೆಡಿ

1950ರಲ್ಲಿ ಕೆ.ಎಂ. ಮುನ್ಷಿ ಶುರುಮಾಡಿದ ವನಮಹೋತ್ಸವ ಜುಲೈ ಮೊದಲ ವಾರಕ್ಕೆ ಬರುತ್ತದೆ, ಕ್ಲಬ್ಬಿನ ಹೊಸ ವರ್ಷವೂ ಆಗಲೇ. ಆದರೆ ಗಿಡಕ್ಕೆ ಪರೀಕ್ಷೆ ಎದುರಾಗುವುದು ಫೆಬ್ರವರಿಯಿಂದ ಮೇವರೆಗಿನ ಬಿಸಿಲಿನಲ್ಲಿ. ಸಾಲುಮರದ ತಿಮ್ಮಕ್ಕ ಮತ್ತು ಅವರ ಪತಿ ಚಿಕ್ಕಯ್ಯ ಹುಲಿಕಲ್ ಮತ್ತು ಕುದೂರು ನಡುವಿನ ರಸ್ತೆಯಲ್ಲಿ ಆಲದ ಸಸಿ ನೆಟ್ಟು, ಕೊಡದಲ್ಲಿ ನೀರು ಹೊತ್ತು ಸಾಕಿದರು. ಅದಕ್ಕೇ ಅಲ್ಲಿ ಇಂದು ನೆರಳಿದೆ. ಬೇಸಿಗೆಯಲ್ಲಿ ಎಷ್ಟು ಗಿಡಕ್ಕೆ ಟ್ಯಾಂಕರ್ ನೀರು ಹಾಕಬಲ್ಲಿರೋ ಅಷ್ಟೇ ನೆಡಿ. ಹೊಂಗೆ, ಬೇವು, ನೇರಳೆ, ಅರಳಿಯಂಥ ನಮ್ಮ ನೆಲದ ಮರಗಳಿರಲಿ. ಪ್ರತಿ ಗಿಡಕ್ಕೂ ಎದುರುಮನೆಯವರನ್ನೋ ಅಂಗಡಿಯವರನ್ನೋ ಜೊತೆಮಾಡಿ. ವರ್ಷದ ವರದಿಯಲ್ಲಿ ನೆಟ್ಟ ಸಂಖ್ಯೆಯ ಪಕ್ಕದಲ್ಲೇ ಉಳಿದ ಸಂಖ್ಯೆಯನ್ನೂ ಬರೆಯಿರಿ.

7. ಎರವಲು ಕೊಡುವ ಸಾಮಾನಿನ ಕೋಣೆ ತೆರೆಯಿರಿ

ಕಡಿಮೆ ದುಡ್ಡಿನಲ್ಲಿ ಹೆಚ್ಚು ಜನರಿಗೆ ಮುಟ್ಟುವ ಸೇವೆ ಇದು. ಸೊಂಟ ಮುರಿದ ಹಿರಿಯರಿಗೆ ಎರಡು ತಿಂಗಳ ಮಟ್ಟಿಗೆ ವಾಕರ್ ಬೇಕು, ಗಾಲಿಕುರ್ಚಿ ಬೇಕು, ತಲೆಕಡೆ ಎತ್ತುವ ಮಂಚ ಬೇಕು, ಹಾಸಿಗೆ ಹುಣ್ಣಾಗದಂತೆ ಗಾಳಿಹಾಸಿಗೆ ಬೇಕು. ಎಲ್ಲವನ್ನೂ ಕೊಳ್ಳಲು ಬಡಕುಟುಂಬಕ್ಕೆ ಆಗುವುದಿಲ್ಲ, ಆಮೇಲೆ ಆ ಸಾಮಾನು ಮೂಲೆ ಸೇರುತ್ತದೆ. ಇವನ್ನೆಲ್ಲ ಕ್ಲಬ್ ಇಟ್ಟುಕೊಳ್ಳಲಿ. ವಾಪಸ್ ಕೊಟ್ಟಾಗ ಮರಳಿಸುವ ಸಣ್ಣ ಠೇವಣಿ, ಒಂದು ರಿಜಿಸ್ಟರ್, ಒಯ್ದ ತಾರೀಕು, ತರಬೇಕಾದ ತಾರೀಕು, ಇಷ್ಟು ಸಾಕು. ಬಂದ ಸಾಮಾನನ್ನು ತೊಳೆದು, ಸ್ಕ್ರೂ ಬಿಗಿಮಾಡಿ ಇಡಲು ಒಬ್ಬರು ಹೊಣೆ ಹೊರಲಿ. ಸಾವಿನ ಮನೆಗೆ ಬೇಕಾಗುವ ಫ್ರೀಜರ್ ಪೆಟ್ಟಿಗೆ, ಶವವಾಹನ ನಿಮ್ಮಲ್ಲಿದ್ದರೆ ಆ ಫೋನನ್ನು ನಡುರಾತ್ರಿಯೂ ಎತ್ತುವವರಿರಬೇಕು. ಮೂರು ಜನ ಸರದಿ ಹಾಕಿಕೊಳ್ಳಿ. ಅಂಥ ಹೊತ್ತಿನಲ್ಲಿ ನೆರವಿಗೆ ಬಂದವರನ್ನು ಆ ಮನೆ ಎಂದಿಗೂ ಮರೆಯುವುದಿಲ್ಲ.

8. ಕಟ್ಟುವ ಮೊದಲು ನಿರ್ವಹಣೆ ಯಾರದೆಂದು ಬರೆದಿಡಿ

ಕುಡಿಯುವ ನೀರಿನ ಘಟಕ, ಬಸ್ ತಂಗುದಾಣ, ಶಾಲೆಯ ಕಂಪ್ಯೂಟರ್ ಕೊಠಡಿ, ಇವೆಲ್ಲ ಉದ್ಘಾಟನೆಯ ದಿನ ಚೆನ್ನಾಗಿಯೇ ಇರುತ್ತವೆ. ನೀರಿನ ಘಟಕದ ಕರೆಂಟ್ ಬಿಲ್ ಯಾರು ಕಟ್ಟುತ್ತಾರೆ? ಫಿಲ್ಟರ್, ಮೆಂಬ್ರೇನ್ ಬದಲಿಸುವವರು ಯಾರು? ಬೀಗದ ಕೈ ಯಾರ ಬಳಿ? ಇವುಗಳ ಉತ್ತರ ಪಂಚಾಯಿತಿಯ ಜೊತೆಗೋ ಪುರಸಭೆಯ ಜೊತೆಗೋ ಲಿಖಿತ ಒಪ್ಪಂದದಲ್ಲಿರಲಿ. ಖರ್ಚಿನ ಒಂದು ಪಾಲನ್ನು ಮೊದಲೇ ನಿರ್ವಹಣೆಗೆ ತೆಗೆದಿಡಿ. ಭಾರತದ ಪೋಲಿಯೊ ಕೆಲಸದಲ್ಲಿ ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್, ಮನೆಮನೆಗೆ ನಡೆದ ಕಾರ್ಯಕರ್ತೆಯರು ಮತ್ತು ರೋಟರಿ ಹೆಗಲು ಸೇರಿಸಿದ್ದರಿಂದಲೇ ಗುರಿ ಮುಟ್ಟಿತು. ಸರ್ಕಾರಿ ವ್ಯವಸ್ಥೆಯ ಜೊತೆ ನಿಂತು ಅದನ್ನು ಗಟ್ಟಿಮಾಡುವ ಕ್ಲಬ್ಬಿನ ಕೆಲಸ ಬಾಳುತ್ತದೆ.

9. ಲೆಕ್ಕ ಎಲ್ಲರಿಗೂ ಕಾಣಲಿ

ಬ್ಯಾಂಕಿನಲ್ಲಿ ಎರಡು ಖಾತೆ ಇರಲಿ. ಸದಸ್ಯರ ಚಂದಾ, ಊಟ, ಪ್ರವಾಸದ ದುಡ್ಡು ಒಂದರಲ್ಲಿ, ಸಾರ್ವಜನಿಕರ ದಾನ ಇನ್ನೊಂದರಲ್ಲಿ. ದಾನದ ಒಂದು ರೂಪಾಯಿಯೂ ಸದಸ್ಯರ ಊಟಕ್ಕೆ ಹೋಗಕೂಡದು. ಚೆಕ್ಕಿಗೆ ಇಬ್ಬರ ಸಹಿ ಇರಲಿ. ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿದ ಕ್ಲಬ್ಬುಗಳು ಪ್ರತಿ ವರ್ಷದ ಲೆಕ್ಕಪತ್ರವನ್ನು ಸಂಘಗಳ ನೋಂದಣಾಧಿಕಾರಿಯ ಕಚೇರಿಗೆ ಸಲ್ಲಿಸುವುದನ್ನು ತಪ್ಪಿಸಬೇಡಿ. 80ಜಿ ರಿಯಾಯಿತಿ ಇರುವ ಟ್ರಸ್ಟ್ ನಿಮ್ಮದಾದರೆ, ನಗದಾಗಿ 2,000 ರೂಪಾಯಿ ಮೀರಿ ಕೊಟ್ಟ ದಾನಕ್ಕೆ ತೆರಿಗೆ ವಿನಾಯಿತಿ ಇಲ್ಲವೆಂದು ದಾನಿಗೆ ಮೊದಲೇ ತಿಳಿಸಿ. ಯೋಜನೆ ಮುಗಿದ ತಿಂಗಳೊಳಗೆ ಜಮಾ-ಖರ್ಚಿನ ಒಂದು ಹಾಳೆಯನ್ನು ಪ್ರತಿ ದಾನಿಗೂ ಕಳಿಸಿ. ಕಂಪನಿಗಳ ಸಿಎಸ್‌ಆರ್ ಹಣ ಕೇಳಲು ಹೋದಾಗಲೂ ಇದೇ ಶಿಸ್ತು ಕೈಹಿಡಿಯುತ್ತದೆ.

10. ಪಡೆಯುವವರ ಮಾನ ಕಾಯಿರಿ

ಮಕ್ಕಳನ್ನು ಬಿಸಿಲಲ್ಲಿ ಸಾಲು ನಿಲ್ಲಿಸಿ ಒಬ್ಬೊಬ್ಬರಿಗೇ ಬ್ಯಾಗ್ ಕೊಟ್ಟು ಫೋಟೊ ತೆಗೆಸುವ ಪದ್ಧತಿ ಬಿಡಿ. ಬ್ಯಾಗುಗಳನ್ನು ತರಗತಿಗೆ ತಲುಪಿಸಿ, ಟೀಚರ್ ಹಂಚಲಿ. ಗಾಲಿಕುರ್ಚಿಯನ್ನು ಮನೆಗೇ ಒಯ್ದು, ಅದು ಬಾಗಿಲಲ್ಲಿ ತೂರುತ್ತದೆಯೇ, ಬಚ್ಚಲಿಗೆ ಹೋಗುತ್ತದೆಯೇ ನೋಡಿ ಕೊಡಿ. ವಿದ್ಯಾರ್ಥಿವೇತನ ನೇರ ಖಾತೆಗೆ ಹೋಗಲಿ. ಫೋಟೊ ಬೇಕೆಂದರೆ ಮೊದಲು ಒಪ್ಪಿಗೆ ಕೇಳಿ, ಬೇಡ ಅಂದರೆ ಅಲ್ಲಿಗೇ ಬಿಡಿ. ದುರಸ್ತಿಯಾದ ಶಾಲೆಯ ಚಾವಣಿ, ಹೂಳೆತ್ತಿದ ಕಲ್ಯಾಣಿ, ನೀರು ಸುರಿಯುವ ನಲ್ಲಿ, ಪತ್ರಿಕೆಗೆ ಕೊಡಲು ಇವೇ ಒಳ್ಳೆಯ ಚಿತ್ರಗಳು.

11. ಸದಸ್ಯತ್ವದ ಬಾಗಿಲು ಅಗಲ ಮಾಡಿ, ಸಭೆ ಬಿಗಿ ಮಾಡಿ

ರೋಟರಿ ಮಹಿಳೆಯರಿಗೆ ಜಗತ್ತಿನಾದ್ಯಂತ ಸದಸ್ಯತ್ವ ತೆರೆದದ್ದು 1989ರಲ್ಲಿ. ಇನ್ನರ್‌ವೀಲ್ ಮಹಿಳೆಯರು 1924ರಿಂದಲೇ ತಮ್ಮ ಸಂಸ್ಥೆಯನ್ನು ತಾವೇ ನಡೆಸುತ್ತಿದ್ದಾರೆ. ಸ್ವಾಗತಗೀತೆ, ಆರತಿ ತಟ್ಟೆಗೆ ಮಾತ್ರ ಮಹಿಳೆಯರನ್ನು ಕರೆಯದೆ ಖಜಾಂಚಿಯ, ಅಧ್ಯಕ್ಷರ ಜವಾಬ್ದಾರಿ ಕೊಡಿ. ಡಾಕ್ಟರು, ವಕೀಲರು, ವ್ಯಾಪಾರಿಗಳ ಜೊತೆಗೆ ನರ್ಸ್, ಎಲೆಕ್ಟ್ರಿಷಿಯನ್, ನಿವೃತ್ತ ಮೇಷ್ಟ್ರು, ಕೃಷಿಕರೂ ಬರಲಿ, ಚಂದಾ ಕಂತಿನಲ್ಲಿ ಕಟ್ಟಲು ಅವಕಾಶವಿರಲಿ. ಶಾಲೆಯಲ್ಲಿ ಇಂಟರ‍್ಯಾಕ್ಟ್, ಕಾಲೇಜಿನಲ್ಲಿ ರೋಟರ‍್ಯಾಕ್ಟ್ ಕಟ್ಟಿ, ಮಕ್ಕಳೇ ಆರಿಸಿದ ಕೆಲಸಕ್ಕೆ ಬೆಂಬಲ ಕೊಡಿ. ಹೊಸ ಸದಸ್ಯರಿಗೆ ಮೊದಲ ತಿಂಗಳಲ್ಲೇ ಒಂದು ಕೆಲಸ ಒಪ್ಪಿಸಿ, ಕೈಗೆ ಕೆಲಸ ಸಿಕ್ಕವರು ಬಿಟ್ಟು ಹೋಗುವುದಿಲ್ಲ.

ಸಭೆ ಏಳೂವರೆ ಎಂದರೆ ಏಳೂವರೆಗೇ ಗಂಟೆ ಬಾರಿಸಲಿ, ಒಂದು ಗಂಟೆಯಲ್ಲಿ ಮುಗಿಯಲಿ. ಹಾರ, ಶಾಲು, ಸ್ಮರಣಿಕೆಯ ಖರ್ಚು ಯೋಜನೆಗೆ ಉಳಿಯಲಿ. ರೋಟರಿಯ ಮೊದಲ ಸದಸ್ಯರು ಸರದಿಯಂತೆ ಒಬ್ಬೊಬ್ಬರ ಕಚೇರಿಯಲ್ಲಿ ಸೇರುತ್ತಿದ್ದರು. ನೀವೂ ತಿಂಗಳಿಗೊಂದು ಸಭೆಯನ್ನು ಕೆಲಸ ನಡೆಯುವ ಜಾಗದಲ್ಲೇ ಮಾಡಿ: ಶಾಲೆಯ ಜಗಲಿಯಲ್ಲಿ, ಕೆರೆ ಏರಿಯ ಮೇಲೆ, ಆರೋಗ್ಯ ಕೇಂದ್ರದಲ್ಲಿ.

ಈ ವಾರವೇ ಶುರುಮಾಡಿ

ಹನ್ನೊಂದನ್ನೂ ಒಟ್ಟಿಗೆ ಹಿಡಿಯಬೇಕಿಲ್ಲ. ಮುಂದಿನ ಸಭೆಯಲ್ಲಿ ಇವುಗಳಿಂದ ಮೂರನ್ನು ಆರಿಸಿ, ಒಂದೊಂದರ ಮುಂದೆ ಒಬ್ಬ ಸದಸ್ಯರ ಹೆಸರನ್ನೂ ಮುಗಿಸುವ ತಾರೀಕನ್ನೂ ಬರೆದು ನಡಾವಳಿ ಪುಸ್ತಕಕ್ಕೆ ಸಹಿ ಹಾಕಿ. ಮೂರರಲ್ಲಿ ಒಂದು ಮೂರನೆಯ ಸೂತ್ರವೇ ಆಗಿರಲಿ. ನಿಮ್ಮ ವರ್ಷದ ಒಳ್ಳೆಯ ಕೆಲಸ ಇನ್ನೊಬ್ಬರ ವರ್ಷದಲ್ಲೂ ನಡೆಯುತ್ತಿದ್ದರೆ ಮಾತ್ರ ಊರು ಅದನ್ನು ನೆಚ್ಚಿಕೊಳ್ಳುತ್ತದೆ.