ಹತ್ತು ಊರಿನ ಬಸ್ಸು, ಐದು ಊರಿನ ಬಸ್ಸು

ಮಳೆ ಹಿಡಿತ ಬಿಡುವ ಹೊತ್ತಿಗೆ ಬೆಂಗಳೂರಿನ ಶೆಟ್ಟಿಹಳ್ಳಿಯ ಬೇಕರಿ ಗಾಜುಗಳ ಮೇಲೆ, ಜಾಲಹಳ್ಳಿ ಕ್ರಾಸಿನ ಕಂಬಗಳ ಮೇಲೆ ಕರಾವಳಿ ಪ್ರವಾಸದ ಕರಪತ್ರಗಳು ಅಂಟಿಕೊಳ್ಳುತ್ತವೆ. ಕುಕ್ಕೆ, ಧರ್ಮಸ್ಥಳ, ಕಟೀಲು, ಉಡುಪಿ, ಮಲ್ಪೆ, ಕೊಲ್ಲೂರು, ಮುರುಡೇಶ್ವರ, ಇಡಗುಂಜಿ, ಗೋಕರ್ಣ, ಜೋಗ. ಕೊನೆಯಲ್ಲಿ ದಪ್ಪಕ್ಷರದಲ್ಲಿ ದರ, ಅದರ ಕೆಳಗೆ ಇರುವೆ ಗಾತ್ರದಲ್ಲಿ ‘ಊಟ, ದರ್ಶನ ಶುಲ್ಕ ಪ್ರತ್ಯೇಕ’. ಓದಿದವರು ದರವನ್ನು ಊರುಗಳ ಸಂಖ್ಯೆಯಿಂದ ಭಾಗಿಸಿ, ಹತ್ತು ಜಾಗಕ್ಕೆ ಇಷ್ಟೇನಾ, ಪರವಾಗಿಲ್ಲ ಬಿಡಿ ಅಂತ ಮುಂಗಡ ಕೊಟ್ಟುಬಿಡುತ್ತಾರೆ. ಈ ಭಾಗಾಕಾರವೇ ತಪ್ಪು ಅನ್ನುವುದು ನನ್ನ ತಕರಾರು. ಬಸ್ಸಿನಿಂದ ಇಳಿದು ನೆಲದ ಮೇಲೆ ಎಷ್ಟು ಗಂಟೆ ಇರುತ್ತೀರೋ ಅದರಿಂದ ಭಾಗಿಸಿ ನೋಡಿ. ಅಗ್ಗ ಅಂದುಕೊಂಡ ಪ್ರವಾಸ ದುಬಾರಿಯಾಗಿ ಕಾಣತೊಡಗುತ್ತದೆ.

ಈ ಪಟ್ಟಿಯ ಊರುಗಳನ್ನು ಸುತ್ತಿ ಶಿವಮೊಗ್ಗ, ತುಮಕೂರು ದಾರಿಯಲ್ಲಿ ವಾಪಸಾಗಲು ಸಾವಿರದ ನೂರು ಕಿಲೋಮೀಟರಿಗೆ ಕಡಿಮೆಯಾಗುವುದಿಲ್ಲ. ಘಾಟಿಯ ತಿರುವು, ಹೆದ್ದಾರಿ ಕಾಮಗಾರಿ, ಟೀ ನಿಲುಗಡೆ ಎಲ್ಲ ಸೇರಿ ಗಂಟೆಗೆ 40 ಕಿ.ಮೀ. ಸರಾಸರಿ ಹಿಡಿದರೂ ಕನಿಷ್ಠ 27 ಗಂಟೆ ಚಕ್ರದ ಮೇಲೆ. ಶುಕ್ರವಾರ ರಾತ್ರಿ ಒಂಬತ್ತಕ್ಕೆ ಹೊರಟು ಸೋಮವಾರ ಬೆಳಗಿನ ಜಾವ ಐದಕ್ಕೆ ಇಳಿಯುವ ಪ್ರವಾಸದಲ್ಲಿ ಕೈಯಲ್ಲಿರುವುದೇ 56 ಗಂಟೆ. ಲಾಡ್ಜಿನ ಒಂದು ರಾತ್ರಿ, ಸ್ನಾನ, ತಿಂಡಿ, ಊಟಕ್ಕೆ 13 ಗಂಟೆ ಕಳೆದರೆ ಉಳಿಯುವುದು 16. ಹತ್ತು ಜಾಗಕ್ಕೆ ಹಂಚಿದರೆ ತಲಾ ಒಂದೂವರೆ ಗಂಟೆ, ಅದೂ ಸರತಿ ಸಾಲನ್ನು ಸೇರಿಸಿ. ವಾರಾಂತ್ಯದ ಧರ್ಮಸ್ಥಳದಲ್ಲಿ ಒಂದೂವರೆ ಗಂಟೆ ಸಾಲಿಗೇ ಸಾಲದು. ಮಧ್ಯಾಹ್ನ ಬಾಗಿಲು ಹಾಕುವ ದೇವಸ್ಥಾನಕ್ಕೆ ಹತ್ತು ನಿಮಿಷ ತಡವಾಗಿ ಹೋದಿರೋ, ಅಂಗಳ ನೋಡಿ ಬಸ್ಸು ಹತ್ತಬೇಕು. ಲೆಕ್ಕಕ್ಕೆ ದರ ತಲೆಗೆ 6,000 ರೂಪಾಯಿ ಅನ್ನಿ. ಗಂಟೆಗೆ 375 ರೂಪಾಯಿ ಬಿತ್ತು.

ಈಗ ಅದೇ ಬಸ್ಸಿನವರಿಗೆ ಊರು ಐದಕ್ಕಿಳಿಸಿ, ದಿನ ಒಂದು ಹೆಚ್ಚಿಸಿ ಎಂದು ಕೇಳಿ. ಶೆಟ್ಟಿಹಳ್ಳಿಯಿಂದ ಕಡಲಿಗೆ ಹೋಗಿಬರುವ ದೂರ ಹೇಗೂ ತಪ್ಪುವುದಿಲ್ಲ. ನೆಲಮಂಗಲ, ಹಾಸನ, ಸಕಲೇಶಪುರ, ಶಿರಾಡಿ ಮಾರ್ಗವಾಗಿ ಮಂಗಳೂರಿಗೇ ಸುಮಾರು 350 ಕಿ.ಮೀ. ಖರ್ಚಿನ ದೊಡ್ಡ ಪಾಲು ಅಲ್ಲೇ ಮುಗಿದಿರುತ್ತದೆ. ಕರಾವಳಿಯಲ್ಲಿ ಒಂದು ದಿನ ಹೆಚ್ಚು ನಿಂತರೆ ಮೇಲೆ ಬೀಳುವುದು ಕೋಣೆ ಬಾಡಿಗೆ, ಚಾಲಕರ ಬಾಟಾ, ಬಸ್ಸಿನ ದಿನದ ಕನಿಷ್ಠ ದರ. ನಲವತ್ತು ಜನಕ್ಕೆ ಹಂಚಿದಾಗ ಅದೇನೂ ಬೆಟ್ಟವಲ್ಲ. ತಲೆಗೆ 1,500 ಹೆಚ್ಚಾಗಿ 7,500 ಆಯಿತೆಂದರೂ, 80 ಗಂಟೆಯಲ್ಲಿ ಬಸ್ಸಿಗೆ 24, ನಿದ್ದೆ ಊಟಕ್ಕೆ 25 ಕಳೆದು 31 ಗಂಟೆ ನಿಮ್ಮದು. ಗಂಟೆಗೆ 242 ರೂಪಾಯಿ. ರಜೆ ಯಾರು ಕೊಡುತ್ತಾರೆ ಅನ್ನುವುದು ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯುವವರ ನ್ಯಾಯವಾದ ಪ್ರಶ್ನೆ. ಒಂದು ದಿನದ ಸಂಬಳ ಸಾವಿರ ರೂಪಾಯಿ ಹೋಯಿತು ಎಂದೇ ಸೇರಿಸಿ. ಆಗಲೂ ಗಂಟೆಗೆ 275 ದಾಟುವುದಿಲ್ಲ. ಮರವಂತೆಯಲ್ಲಿ ಹೆದ್ದಾರಿಯ ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಸೌಪರ್ಣಿಕಾ ನದಿ. ಕಿಟಕಿಯಿಂದ ಅದು ಎರಡು ನಿಮಿಷದ ನೋಟ, ಇಳಿದು ಕೂತರೆ ಒಂದು ಸಂಜೆ.

ಹತ್ತು ಊರಿನ ಪಟ್ಟಿ ಅಗ್ಗಕ್ಕೆ ಸಿಗುವುದಕ್ಕೆ ಇನ್ನೊಂದು ಗುಟ್ಟಿದೆ, ಅದು ಚಾಲಕನ ನಿದ್ದೆ. ಹೋಲಿಕೆಗೆ ಯುರೋಪ್ ನೋಡಿ. ಐರ್ಲೆಂಡ್, ಫ್ರಾನ್ಸಿನ ಬ್ರಿಟನಿ, ಸ್ಪೇನಿನ ಗಲೀಷಿಯಾ ಕೂಡ ನಮ್ಮ ಕರಾವಳಿಯಂತೆ ಮಳೆಯ, ಹಸಿರಿನ ತೀರಗಳೇ. ಅಲ್ಲೂ ಪ್ರವಾಸಿ ಬಸ್ಸುಗಳದ್ದೇ ಓಡಾಟ. ಆದರೆ ಐರೋಪ್ಯ ಒಕ್ಕೂಟದ 2006ರ ನಿಯಮದಂತೆ ನಾಲ್ಕೂವರೆ ಗಂಟೆ ಓಡಿಸಿದ ಚಾಲಕ 45 ನಿಮಿಷ ವಿರಾಮ ತೆಗೆದುಕೊಳ್ಳಲೇಬೇಕು. ದಿನಕ್ಕೆ 9 ಗಂಟೆ ಮಿತಿ, ವಾರದಲ್ಲಿ ಎರಡು ದಿನ ಮಾತ್ರ 10. ಬಸ್ಸಿನೊಳಗಿನ ಟ್ಯಾಕೋಗ್ರಾಫ್ ಎಲ್ಲವನ್ನೂ ಬರೆದಿಡುತ್ತದೆ. ಹಾಗಾಗಿ ಅಲ್ಲಿ ಪಟ್ಟಿ ಉದ್ದ ಮಾಡಬೇಕೆಂದರೆ ಇನ್ನೊಬ್ಬ ಚಾಲಕನಿಗೆ ಸಂಬಳ ಕೊಡಬೇಕು, ಅದು ದರದಲ್ಲೇ ಕಾಣುತ್ತದೆ. ನಮ್ಮಲ್ಲೂ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯ ಕಾಲದಿಂದ ದಿನಕ್ಕೆ 8 ಗಂಟೆ ದುಡಿಮೆಯ ಮಿತಿ ಇದೆ, ದೂರದ ಮಾರ್ಗಕ್ಕೆ ಕೊಂಚ ಸಡಿಲಿಕೆಯೂ ಇದೆ. ಬಾಡಿಗೆ ಬಸ್ಸು ಹತ್ತಿ ಅದನ್ನು ಎಣಿಸುವವರು ಯಾರು? ಎರಡು ರಾತ್ರಿ ಶಿರಾಡಿಯಂಥ ದಾರಿಯಲ್ಲಿ ಒಬ್ಬನೇ ಓಡಿಸುವ ಪ್ರವಾಸ ಐನೂರು ರೂಪಾಯಿ ಕಡಿಮೆಗೆ ಸಿಕ್ಕರೆ, ಆ ಐನೂರು ಎಲ್ಲಿಂದ ಉಳಿಯಿತು ಅಂತ ಕೇಳಿಯೇ ಮುಂಗಡ ಕೊಡಬೇಕು.

ಶಕ್ತಿ ಯೋಜನೆ ಬಂದ ಮೇಲೆ ಬಸ್ಸು ಮಾಡಿಸುವುದೇ ದಂಡ ಅನ್ನುವ ವಾದ ಗಟ್ಟಿಯಾಗಿದೆ. 2023ರ ಜೂನ್‌ನಿಂದ ರಾಜ್ಯದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ಧರ್ಮಸ್ಥಳದ ಬಸ್ಸು ತುಮಕೂರು ರಸ್ತೆಯ ಮೇಲೇ ಹೋಗುತ್ತದೆ, ಊಟ ಕ್ಷೇತ್ರದಲ್ಲೇ ಆಗುತ್ತದೆ. ಧರ್ಮಸ್ಥಳಕ್ಕೋ ಕುಕ್ಕೆಗೋ ಒಂದೇ ಊರಿಗೆ ಹೋಗುವವರು ಹಾಗೇ ಹೋಗಲಿ, ನನ್ನ ತಕರಾರಿಲ್ಲ. ಅಲ್ಲಿಂದ ಮುಂದೆ ಲೆಕ್ಕ ಬದಲಾಗುತ್ತದೆ. ದಕ್ಷಿಣ ಕನ್ನಡ, ಉಡುಪಿಯಲ್ಲಿ ಊರಿಂದೂರಿಗೆ ಓಡುವುದು ಬಹುಪಾಲು ಖಾಸಗಿ ಬಸ್ಸು, ಅಲ್ಲಿ ಶಕ್ತಿ ನಡೆಯುವುದಿಲ್ಲ. ಟಿಕೆಟ್ ದರ ಹೆಚ್ಚೇನಲ್ಲ, ಬಸ್ಸುಗಳೂ ಬೇಕಾದಷ್ಟು. ಆದರೆ ಮಂಡಿನೋವಿನ ಅತ್ತೆ, ಎರಡು ಬ್ಯಾಗು, ಒಂದು ಮಗು ಜೊತೆಗಿದ್ದಾಗ ದಿನಕ್ಕೆ ನಾಲ್ಕು ಸಲ ಹತ್ತಿಳಿಯುವುದನ್ನು ತಪ್ಪಿಸಲೆಂದೇ ದುಡ್ಡು ಕೊಡುವುದು. ಕಾರಿನ ಮಾತೂ ಇದೆ. ಲೀಟರಿಗೆ 15 ಕಿ.ಮೀ. ಕೊಡುವ ಗಾಡಿಗೆ ಸಾವಿರ ಕಿ.ಮೀ.ಗೆ 67 ಲೀಟರ್ ಪೆಟ್ರೋಲು, ಅದೇ ಏಳು ಸಾವಿರದ ಹತ್ತಿರ. ನಾಲ್ವರಿಗೆ ಹಂಚಿದರೆ ಟೋಲ್ ಸೇರಿಸಿಯೂ ಬಸ್ಸಿಗಿಂತ ಅಗ್ಗ, ಒಪ್ಪಿದೆ. ಓಡಿಸುವವನಿಗೆ ಮಾತ್ರ ಅದು ಪ್ರವಾಸವಲ್ಲ, ಡ್ಯೂಟಿ. ಹರಕೆ ತೀರಿಸಲು ಹೊರಟ ಹಿರಿಯರು ಪಟ್ಟಿಯ ದೇವರನ್ನೆಲ್ಲ ಕಾಣಬೇಕು ಅಂದರೆ ನನ್ನ ಗಂಟೆಗಳ ಲೆಕ್ಕ ಅವರಿಗೆ ಅನ್ವಯಿಸುವುದಿಲ್ಲ. ಅವರ ಲೆಕ್ಕವೇ ಬೇರೆ.

ಯಾವಾಗ ಹೋಗಬೇಕು ಅನ್ನುವುದರಲ್ಲೂ ಕಾಸಿದೆ. ಜುಲೈ, ಆಗಸ್ಟಿನಲ್ಲಿ ಹಸಿರು ಉಕ್ಕುತ್ತದೆ, ಕೋಣೆ ಬಾಡಿಗೆ ಇಳಿಯುತ್ತದೆ. ಆದರೆ ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೆ ದೋಣಿ ನಿಂತಿರುತ್ತದೆ, ಘಾಟಿ ಯಾವಾಗ ಮುಚ್ಚುತ್ತದೋ ಹೇಳಲಾಗದು. 2018ರ ಆಗಸ್ಟಿನಲ್ಲಿ ಶಿರಾಡಿ ಕುಸಿಯಿತು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡವೇ ಹೆದ್ದಾರಿ 66ರ ಮೇಲೆ ಬಿದ್ದು ಜೀವಗಳು ಹೋದವು. ಮಳೆಗಾಲದ ರಿಯಾಯಿತಿ ಹೇಳುವವರ ಹತ್ತಿರ ದಾರಿ ಬಂದಾದರೆ ಹಣ ವಾಪಸೋ, ದಿನಾಂಕ ಬದಲೋ ಎಂದು ರಸೀದಿಯ ಮೇಲೇ ಬರೆಸಿಕೊಳ್ಳಬೇಕು. ಜೊತೆಗೆ ಚಾಲಕರು ಎಷ್ಟು ಮಂದಿ, ಲಾಡ್ಜು ಯಾವ ಊರಿನಲ್ಲಿ, ಜಿಎಸ್‌ಟಿ ದರದೊಳಗೋ ಹೊರಗೋ ಎಂಬುದೂ ಅಲ್ಲೇ ಇರಲಿ. ದಸರಾ ರಜೆಯಲ್ಲಿ ಬಾಡಿಗೆ ಏರುತ್ತದೆ, ಕೊಲ್ಲೂರಿನಲ್ಲಿ ನವರಾತ್ರಿಯ ಜಂಗುಳಿ. ನನ್ನ ಆಯ್ಕೆ ದೀಪಾವಳಿ ಕಳೆದ ಮೇಲಿನ ಎರಡು ವಾರ. ಗದ್ದೆಗಳಲ್ಲಿ ಇನ್ನೂ ಬಣ್ಣ ಇರುತ್ತದೆ, ದೋಣಿ ಶುರುವಾಗಿರುತ್ತದೆ, ಮಕ್ಕಳಿಗೆ ಶಾಲೆ ಇರುವುದರಿಂದ ಬಸ್ಸಿನವರೂ ಚೌಕಾಶಿಗೆ ಬಗ್ಗುತ್ತಾರೆ.