ಹೆಸರಿನ ಆಯ್ಕೆ

ಬೆಂಗಳೂರಿನ ದಕ್ಷಿಣದಲ್ಲಿರುವ ಜಯನಗರ, ಬನಶಂಕರಿ ಮೊದಲಾದ ಬಡಾವಣೆಗಳಲ್ಲಿ ನಾನಾ ಪ್ರಾಂತಗಳ ಜನರು ನೆರೆಹೊರೆಯಾಗಿ ಬಾಳುತ್ತಾರೆ. ಅವರ ಹೆಸರುಗಳಲ್ಲಿ ಹಲವು ಪದ್ಧತಿಗಳು ಕಾಣಸಿಗುತ್ತವೆ. ಹಳೆಯ ಮೈಸೂರಿನವರು ಊರು ಮತ್ತು ತಂದೆಯ ಹೆಸರುಗಳ ಮೊದಲಕ್ಷರಗಳನ್ನು ಮುಂದಿಟ್ಟು ತಮ್ಮ ಹೆಸರನ್ನು ಬರೆಯುವುದುಂಟು. ಕೊಡವರಲ್ಲಿ ಮನೆತನದ ಹೆಸರೇ ಮೊದಲು. ಉತ್ತರ ಕರ್ನಾಟಕದಲ್ಲಿ ಅಡ್ಡಹೆಸರು ರೂಢಿ. ಮಹಾರಾಷ್ಟ್ರದ ಕೆಲವು ಕುಟುಂಬಗಳಲ್ಲಿ ವಿವಾಹದ ದಿನ ವಧುವಿನ ಹೆಸರನ್ನೇ ಬದಲಿಸುವ ಸಂಪ್ರದಾಯವೂ ಇತ್ತು. ಇಂತಹ ಭಿನ್ನ ಪದ್ಧತಿಗಳ ಮನೆತನಗಳು ವಿವಾಹದಿಂದ ಒಂದಾದಾಗ ವಧುವಿನ ಹೆಸರು ಏನಾಗಬೇಕು?

ಲೇಖಕಿ ಅನುಪಮಾ ನಿರಂಜನ (1934–1991) ಅವರ ಬಾಳಿನಲ್ಲಿ ಈ ಪ್ರಶ್ನೆಗೆ ಒಂದು ಉತ್ತರ ದೊರೆಯುತ್ತದೆ. ತೀರ್ಥಹಳ್ಳಿಯಲ್ಲಿ ಜನಿಸಿದ ಅವರ ಮೊದಲ ಹೆಸರು ವೆಂಕಟಲಕ್ಷ್ಮಿ. ವೃತ್ತಿಯಿಂದ ಅವರು ವೈದ್ಯೆ. 'ಅನುಪಮಾ' ಎಂಬುದು ಅವರ ಕಾವ್ಯನಾಮ. ಅವರ ಪತಿ ದಕ್ಷಿಣ ಕನ್ನಡದ ಕುಳಕುಂದ ಶಿವರಾಯರು (1924–1992). 'ಚಿರಸ್ಮರಣೆ'ಯ ಕರ್ತೃವಾದ ಅವರನ್ನು ನಾಡು 'ನಿರಂಜನ' ಎಂದೇ ಬಲ್ಲದು. ಪತಿಯ ಊರಿನ ಹೆಸರಾಗಲಿ, 'ರಾಯ' ಎಂಬ ಪದವಾಗಲಿ ಪತ್ನಿಯ ಹೆಸರಿಗೆ ಸೇರಲಿಲ್ಲ. ಬರೆಹದಿಂದ ಬೆಳೆದ ಎರಡು ಹೆಸರುಗಳು ಜೊತೆಗೂಡಿದವು. ಮಕ್ಕಳಿಗೆ ಪ್ರಿಯವಾದ 'ದಿನಕ್ಕೊಂದು ಕಥೆ' ಆ ಹೆಸರಿನಲ್ಲಿಯೇ ಮನೆಮನೆಯನ್ನು ಸೇರಿತು.

ವಿವಾಹಿತೆಯು ಪತಿಯ ಹೆಸರನ್ನು ಧರಿಸಲೇಬೇಕೆಂದು ನಮ್ಮ ದೇಶದ ಕಾನೂನು ವಿಧಿಸಿಲ್ಲ. ಆದರೆ ಅಂಕಪಟ್ಟಿಯಲ್ಲಿ ಒಂದು, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಹೆಸರಿದ್ದರೆ, ಎರಡೂ ತನ್ನವೇ ಎಂದು ರುಜುವಾತುಪಡಿಸುವ ಹೊರೆ ಅವಳ ಮೇಲೆಯೇ ಬೀಳುತ್ತದೆ. ಆದುದರಿಂದ ಹೆಸರನ್ನು ಉಳಿಸಿಕೊಳ್ಳುವ ಅಥವಾ ಬದಲಿಸುವ ತೀರ್ಮಾನವೂ ಅವಳದೇ ಆಗಿರುವುದು ನ್ಯಾಯ. ಆ ತೀರ್ಮಾನವನ್ನು ಗೌರವಿಸುವ ಮನೆಯಲ್ಲಿ ಎರಡು ಸಂಪ್ರದಾಯಗಳೂ ಸುಖವಾಗಿ ಬಾಳುತ್ತವೆ.